ಕೋಶಪೊರೆಯ ಗ್ರಾಹಕಗಳು: ಸಂಕೇತದ ಅರ್ಥ ಎಲ್ಲಿದೆ?



ಜೀವಕೋಶವೊಂದು ಹೊರಗಿನ ಸುದ್ದಿಯನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಕೊಡುವ ಉತ್ತರ ನಮಗೆಲ್ಲ ಪರಿಚಿತ. ಗ್ರಂಥಿಯೊಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಹರಿದು ಬಂದು ಕೋಶಪೊರೆಯಲ್ಲಿರುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಗ್ರಾಹಕವು ಸಂದೇಶವನ್ನು ಒಳಕ್ಕೆ ದಾಟಿಸುತ್ತದೆ. ಈ ವಿವರಣೆ ಓದುಗನ ಮನಸ್ಸಿನಲ್ಲಿ ಮೂಡಿಸುವ ಚಿತ್ರ ಅಂಚೆಯವನದು. ಹೊರಗೆ ಯಾರೋ ಬರೆದ ಕಾಗದ ಇದ್ದದ್ದು ಇದ್ದಂತೆಯೇ ಒಳಮನೆ ಸೇರುತ್ತದೆ, ಒಳಗಿನವರು ಅದನ್ನು ಓದಿ ಅದರಂತೆ ನಡೆದುಕೊಳ್ಳುತ್ತಾರೆ. ಕಳೆದ ನೂರಕ್ಕೂ ಹೆಚ್ಚು ವರ್ಷಗಳ ಮುಖ್ಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಚಿತ್ರ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಹೊರಗಿನಿಂದ ಒಳಕ್ಕೆ ಅಂಥ ಕಾಗದ ಯಾವುದೂ ಹೋಗುವುದಿಲ್ಲ. ಹಾರ್ಮೋನು ತಗುಲಿದಾಗ ಗ್ರಾಹಕದ ಆಕಾರ ಬದಲಾಗುತ್ತದೆ, ಅಷ್ಟೇ. ಆ ಬದಲಾವಣೆಗೆ ಅರ್ಥ ಕೊಡುವುದು, ಅದಕ್ಕೆ ಬೇಕಾದ ಶಕ್ತಿಯನ್ನು ಹೊಂದಿಸುವುದು, ಅದು ಎಷ್ಟು ಹೊತ್ತು ನಡೆಯಬೇಕೆಂದು ತೀರ್ಮಾನಿಸುವುದು ಎಲ್ಲವೂ ಕೋಶದ ಕೆಲಸವೇ. ರೋಗದ ಮೂಲವನ್ನು ಎಲ್ಲಿ ಹುಡುಕಬೇಕು, ಔಷಧಿಯನ್ನು ಎಲ್ಲಿಗೆ ಗುರಿಯಿಡಬೇಕು ಎಂಬ ತೀರ್ಮಾನಗಳು ಈ ವ್ಯತ್ಯಾಸದ ಮೇಲೆ ನಿಂತಿರುವುದರಿಂದ ಇದನ್ನು ವಿಸ್ತಾರವಾಗಿ ನೋಡುವುದು ಅಗತ್ಯ.

ಮೊದಲು ಪೊರೆಯ ಮಾತು. ಕೋಶಪೊರೆ ಸುಮಾರು 5 ನ್ಯಾನೊಮೀಟರ್ ದಪ್ಪದ ಕೊಬ್ಬಿನ ಜೋಡಿಪದರ. ಅಡ್ರಿನಲಿನ್, ಗ್ಲುಕಗಾನ್, ಇನ್ಸುಲಿನ್ ಮುಂತಾದ ನೀರಿನಲ್ಲಿ ಕರಗುವ ಅಣುಗಳು ಅದನ್ನು ತಾವಾಗಿ ಹಾಯ್ದು ಹೋಗಲಾರವು. ಹಾಗಿದ್ದೂ ಅಡ್ರಿನಲಿನ್ ರಕ್ತಕ್ಕೆ ಬಂದ ಕೆಲವೇ ಕ್ಷಣಗಳಲ್ಲಿ ಯಕೃತ್ತಿನ ಕೋಶದೊಳಗೆ ಗ್ಲೈಕೋಜನ್ ಒಡೆದು ಗ್ಲೂಕೋಸ್ ಆಗತೊಡಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಅರ್ಲ್ ಸದರ್ಲೆಂಡ್ ಮತ್ತು ಥಿಯೊಡೋರ್ ರಾಲ್ ಇದನ್ನು ಬಿಡಿಸಿದ ರೀತಿ ಎಷ್ಟು ಸರಳವೋ ಅಷ್ಟೇ ಚೊಕ್ಕಟ. ಅವರು ಯಕೃತ್ತನ್ನು ಅರೆದು ರಸ ಮಾಡಿದರು. ಅದಕ್ಕೆ ಅಡ್ರಿನಲಿನ್ ಹಾಕಿದರೆ ಗ್ಲೈಕೋಜನ್ ಒಡೆಯುವ ಫಾಸ್ಫೊರಿಲೇಸ್ ಎಂಬ ಕಿಣ್ವ ಚುರುಕಾಗುತ್ತಿತ್ತು. ಅದೇ ರಸವನ್ನು ಸೆಂಟ್ರಿಫ್ಯೂಜಿನಲ್ಲಿ ಗಿರಗಿರನೆ ತಿರುಗಿಸಿ, ಪೊರೆಯ ಚೂರುಗಳೆಲ್ಲ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಂಡರು. ಕಿಣ್ವವಿದ್ದದ್ದು ಆ ತಿಳಿಯಲ್ಲೇ. ಆದರೆ ಅದಕ್ಕೆ ಎಷ್ಟು ಅಡ್ರಿನಲಿನ್ ಸುರಿದರೂ ಏನೂ ಆಗಲಿಲ್ಲ. ಬಳಿಕ ತಳದ ಗಷ್ಟಿಗೆ ಮಾತ್ರ ಅಡ್ರಿನಲಿನ್ ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು, ಕುದಿಸಿ, ಅದರ ಸಾರವನ್ನು ತಿಳಿಗೆ ಬೆರೆಸಿದರು. ಕಿಣ್ವ ಎಚ್ಚೆತ್ತಿತು. ಕುದಿಸಿದರೆ ಪ್ರೋಟೀನುಗಳು ಕೆಡುತ್ತವೆ, ಆದ್ದರಿಂದ ಕೆಲಸ ಮಾಡಿದ್ದು ಪ್ರೋಟೀನಲ್ಲ. ಅಡ್ರಿನಲಿನ್ ತಾನೇ ನೇರವಾಗಿ ಬಿದ್ದಾಗ ತಿಳಿ ಸುಮ್ಮನಿತ್ತು, ಆದ್ದರಿಂದ ಅದೂ ಅಲ್ಲ. ಪೊರೆಯ ಚೂರುಗಳೇ ಹೊಸದಾಗಿ ಏನನ್ನೋ ತಯಾರಿಸಿದ್ದವು. ಅದು ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣು. ಕೋಶದ ಸ್ವಂತ ಎಟಿಪಿಯಿಂದ, ಕೋಶದ ಸ್ವಂತ ಕಿಣ್ವ ಮಾಡಿದ ಪದಾರ್ಥ. ಈ ಶೋಧಕ್ಕೆ ಸದರ್ಲೆಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು. ಇದರಿಂದ ತೀರ್ಮಾನವಾದದ್ದು ಇಷ್ಟು: ಒಳಗೆ ಓಡಾಡುವ ಅಣುವಿಗೂ ಹೊರಗೆ ನಿಂತ ಹಾರ್ಮೋನಿಗೂ ರಾಸಾಯನಿಕವಾಗಿ ಯಾವ ನಂಟೂ ಇಲ್ಲ. ಗ್ಲುಕಗಾನ್ ಎಂಬ ಪೂರಾ ಬೇರೆಯ ಹಾರ್ಮೋನು ಬಂದಾಗಲೂ ಒಳಗೆ ಹುಟ್ಟುವುದು ಇದೇ ಸೈಕ್ಲಿಕ್ ಎಎಂಪಿ.

ಗ್ರಾಹಕ ಎಂಬ ಕಲ್ಪನೆ ಇದಕ್ಕಿಂತ ಅರ್ಧ ಶತಮಾನ ಹಳೆಯದು. ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1905ರಲ್ಲಿ ಕೋಳಿಯ ಸ್ನಾಯುವಿನ ಮೇಲೆ ನಿಕೊಟಿನ್ ಹಾಕಿ ನೋಡಿದರು. ನರವನ್ನು ಕತ್ತರಿಸಿ, ಅದು ನಶಿಸಿಹೋದ ಮೇಲೂ ಸ್ನಾಯು ನಿಕೊಟಿನ್‌ಗೆ ಸೆಟೆದುಕೊಳ್ಳುತ್ತಿತ್ತು. ಕ್ಯುರಾರೆ ವಿಷ ಹಾಕಿದರೆ ಸೆಟೆತ ನಿಲ್ಲುತ್ತಿತ್ತು; ಆದರೆ ಅದೇ ಸ್ನಾಯುವಿಗೆ ವಿದ್ಯುತ್ ಮುಟ್ಟಿಸಿದರೆ ಮತ್ತೆ ಸೆಟೆಯುತ್ತಿತ್ತು. ನಿಕೊಟಿನ್ ಹಿಡಿದದ್ದು ನರವನ್ನೂ ಅಲ್ಲ, ಸಂಕೋಚಿಸುವ ತಂತುವನ್ನೂ ಅಲ್ಲ, ಇವೆರಡರ ನಡುವಿನ ಮೂರನೆಯ ಒಂದು ಗ್ರಾಹಕ ವಸ್ತುವನ್ನು ಎಂದು ಅವರು ತರ್ಕಿಸಿದರು. 1948ರಲ್ಲಿ ರೇಮಂಡ್ ಆಲ್ಕ್ವಿಸ್ಟ್, ಅಡ್ರಿನಲಿನ್ ಬಳಗದ ಅಣುಗಳು ಬೇರೆ ಬೇರೆ ಅಂಗಗಳ ಮೇಲೆ ತೋರುವ ಬಲದ ಕ್ರಮ ಎರಡೇ ಬಗೆಯದೆಂದು ಕಂಡು, ಆಲ್ಫಾ ಮತ್ತು ಬೀಟಾ ಎಂಬ ಎರಡು ಗ್ರಾಹಕಗಳನ್ನು ಊಹಿಸಿದರು. ಯಾರೂ ಕಣ್ಣಾರೆ ಕಾಣದ ವಸ್ತುವಿನ ಮೇಲೆ ನಂಬಿಕೆಯಿಟ್ಟು ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲೋಲ್ ಎಂಬ ಬೀಟಾ ತಡೆಯ ಔಷಧಿ ತಂದರು. ಈ ಇತಿಹಾಸದಲ್ಲಿ ನನ್ನ ವಾದಕ್ಕೆ ಬೇಕಾದದ್ದು ಅಡ್ರಿನಲಿನ್‌ನ ಒಂದು ವಿಚಿತ್ರ ಗುಣ. ಒಂದೇ ಅಡ್ರಿನಲಿನ್ ಹೃದಯದ ಬಡಿತವನ್ನು ಏರಿಸುತ್ತದೆ, ಶ್ವಾಸನಾಳದ ಸ್ನಾಯುವನ್ನು ಸಡಿಲಿಸುತ್ತದೆ, ಚರ್ಮದ ರಕ್ತನಾಳಗಳನ್ನು ಬಿಗಿಯುತ್ತದೆ, ಮೇದೋಜೀರಕದಲ್ಲಿ ಇನ್ಸುಲಿನ್ ಸ್ರಾವವನ್ನು ತಡೆಯುತ್ತದೆ. ಸಂದೇಶ ಅಣುವಿನಲ್ಲೇ ಬರೆದಿದ್ದರೆ ಬಿಗಿ ಎಂದೂ ಸಡಿಲಿಸು ಎಂದೂ ಅದೇ ಅಣು ಹೇಗೆ ಹೇಳೀತು? ಕೋಶ ಯಾವ ಗ್ರಾಹಕವನ್ನು ಪೊರೆಯಲ್ಲಿ ಇಟ್ಟುಕೊಂಡಿದೆ, ಅದರ ಹಿಂದೆ ಯಾವ ಪ್ರೋಟೀನುಗಳನ್ನು ಜೋಡಿಸಿದೆ ಎಂಬುದರ ಮೇಲೆ ಉತ್ತರ ನಿರ್ಧಾರವಾಗುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ಮಾತು ಹೇಳಬಹುದು. ಸಂದೇಶ ಹಾರ್ಮೋನಿನಲ್ಲೇ ಇರಲಿ, ಬೇರೆ ಬೇರೆ ಕೋಶಗಳು ಅದನ್ನು ಬೇರೆ ಬೇರೆಯಾಗಿ ಓದಿಕೊಂಡರೆ ಹಾಗೂ ಆಗಬಹುದಲ್ಲ? ಹಾಗಿದ್ದರೆ ಹಾರ್ಮೋನೇ ಇಲ್ಲದಾಗ ಆ ಪರಿಣಾಮ ಕಾಣಬಾರದು. ಆದರೆ ಕಾಣುತ್ತದೆ. ನ್ಯೂಜಿಲೆಂಡಿನ ಡಂಕನ್ ಆಡಮ್ಸ್ ಮತ್ತು ಹರ್ಬರ್ಟ್ ಪರ್ವಿಸ್ 1956ರಲ್ಲಿ, ಥೈರಾಯ್ಡ್ ಅತಿಯಾಗಿ ಕೆರಳಿದ ರೋಗಿಗಳ ರಕ್ತದಲ್ಲಿ ಆ ಗ್ರಂಥಿಯನ್ನು ಬಹಳ ಹೊತ್ತು ಪ್ರಚೋದಿಸುವ ಪದಾರ್ಥವೊಂದನ್ನು ಕಂಡರು. ಅದು ಪಿಟ್ಯುಟರಿಯಿಂದ ಬರುವ ಹಾರ್ಮೋನಲ್ಲ, ಪ್ರತಿಕಾಯ ಎಂದು ಮುಂದೆ ಗೊತ್ತಾಯಿತು. ನಾವು ಗ್ರೇವ್ಸ್ ಕಾಯಿಲೆ ಎನ್ನುವುದು ಇದನ್ನೇ. ಹಾರ್ಮೋನಿಗಿಂತ ಎಷ್ಟೋ ದೊಡ್ಡದಾದ, ರಚನೆಯಲ್ಲಿ ಅದನ್ನು ಎಳ್ಳಷ್ಟೂ ಹೋಲದ ಪ್ರತಿಕಾಯವೊಂದು ಗ್ರಾಹಕವನ್ನು ತಕ್ಕ ಜಾಗದಲ್ಲಿ ಹಿಡಿದರೆ ಸಾಕು, ಥೈರಾಯ್ಡ್ ಕೋಶ ಹಾರ್ಮೋನು ಬಂದಾಗ ಮಾಡುವುದನ್ನೆಲ್ಲ ಮಾಡುತ್ತದೆ. ಇನ್ನೂ ಮುಂದಿನ ಪ್ರಮಾಣ ಅವಿಭಜಿತ ಭಾರತದಲ್ಲಿ ಹುಟ್ಟಿ ಬೆಳೆದ ಹರಗೋಬಿಂದ ಖೊರಾನ ಅವರ ಅಮೆರಿಕದ ಪ್ರಯೋಗಾಲಯದಿಂದ 2005ರಲ್ಲಿ ಬಂತು. ಕಣ್ಣಿನ ರೊಡಾಪ್ಸಿನ್ ಬೆಳಕಿಗೆ ಸ್ಪಂದಿಸುವ ಗ್ರಾಹಕ. ಬೀಟಾ ಗ್ರಾಹಕ ಅಡ್ರಿನಲಿನ್‌ಗೆ ಸ್ಪಂದಿಸುವಂಥದು. ಎರಡೂ ಪೊರೆಯನ್ನು ಏಳು ಬಾರಿ ಹಾಯುವ ಒಂದೇ ಕುಟುಂಬದ ಪ್ರೋಟೀನುಗಳು. ಖೊರಾನ ಮತ್ತು ಸಂಗಡಿಗರು ರೊಡಾಪ್ಸಿನ್‌ನ ಒಳಬದಿಯ ಕುಣಿಕೆಗಳನ್ನು ತೆಗೆದು ಅಲ್ಲಿ ಬೀಟಾ ಗ್ರಾಹಕದ ಕುಣಿಕೆಗಳನ್ನು ಕೂಡಿಸಿದರು. ಆ ಬೆರಕೆ ಪ್ರೋಟೀನಿನ ಮೇಲೆ ಬೆಳಕು ಬಿದ್ದಾಗ ಒಳಗೆ ನಡೆದದ್ದು ಅಡ್ರಿನಲಿನ್ ಬಂದಾಗ ನಡೆಯುವ ವ್ಯವಹಾರ. ಬೆಳಕಿನಲ್ಲಿ ಅಡ್ರಿನಲಿನ್‌ನ ಸಂದೇಶ ಯಾವ ರೂಪದಲ್ಲಿಯೂ ಇರಲು ಸಾಧ್ಯವಿಲ್ಲ.

ಗ್ರಾಹಕದ ಆಕಾರ ಬದಲಾಗುವುದೆಂದರೆ ಏನೆಂದು ಈಗ ಅಣುಮಟ್ಟದಲ್ಲೇ ಕಂಡಿದ್ದೇವೆ. ಬ್ರಯಾನ್ ಕೊಬಿಲ್ಕ ಅವರ ತಂಡ 2011ರಲ್ಲಿ ಬೀಟಾ ಗ್ರಾಹಕವನ್ನು ಅದರ ಒಳಬದಿಯ ಜೊತೆಗಾರನಾದ ಜಿ ಪ್ರೋಟೀನಿನ ಸಮೇತ ಹರಳುಗಟ್ಟಿಸಿ ಎಕ್ಸ್‌ರೇ ಚಿತ್ರ ತೆಗೆಯಿತು. ಹೊರಬದಿಯಲ್ಲಿ ಅಡ್ರಿನಲಿನ್‌ನಂತೆ ವರ್ತಿಸುವ ಅಣು ಕೂತ ಗುಳಿಯಲ್ಲಿ ಆದ ಚಲನೆ ಅತ್ಯಲ್ಪ. ಒಳಬದಿಯಲ್ಲಾದರೋ ಏಳು ಸುರುಳಿಗಳ ಪೈಕಿ ಆರನೆಯದರ ತುದಿ ಸುಮಾರು 1.4 ನ್ಯಾನೊಮೀಟರ್ ಹೊರವಾಲಿ, ಜಿ ಪ್ರೋಟೀನಿನ ತುದಿ ತೂರಲು ಎಡೆಯಾಗಿತ್ತು. ಈ ತೆರೆದ ಭಂಗಿ ಹಾರ್ಮೋನು ಸೃಷ್ಟಿಸಿದ್ದೂ ಅಲ್ಲ. ಗ್ರಾಹಕ ಸದಾ ಅಲುಗಾಡುತ್ತಿರುವ ಪ್ರೋಟೀನು; ಯಾರೂ ಮುಟ್ಟದಿದ್ದಾಗಲೂ ಆಗೊಮ್ಮೆ ಈಗೊಮ್ಮೆ ಆ ಭಂಗಿಗೆ ತಾನೇ ಬರುತ್ತದೆ. ಹಾರ್ಮೋನು ಮಾಡುವುದು ಅದನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸುವ ಕೆಲಸ. 1994ರಲ್ಲಿ ರಾಬರ್ಟ್ ಲೆಫ್ಕೊವಿಟ್ಸ್ ಅವರ ಬಳಗ ಇಲಿಗಳ ಹೃದಯದಲ್ಲಿ ಬೀಟಾ ಗ್ರಾಹಕ ಸಹಜಕ್ಕಿಂತ ನೂರು ಪಟ್ಟಿಗೂ ಹೆಚ್ಚು ಇರುವಂತೆ ಮಾಡಿದಾಗ, ಹೊರಗಿನಿಂದ ಔಷಧಿಯ ಪ್ರಚೋದನೆ ಇಲ್ಲದೆಯೇ ಆ ಹೃದಯಗಳು ತಮ್ಮ ಬಲದ ಮೇಲ್ಮಿತಿಯಲ್ಲಿ ಬಡಿಯುತ್ತಿದ್ದವು. ಕೊಬಿಲ್ಕ ಮತ್ತು ಲೆಫ್ಕೊವಿಟ್ಸ್ 2012ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ನನ್ನ ವಾದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಈ ಜಿ ಪ್ರೋಟೀನಿನದೇ, ಅದರಲ್ಲೂ ಅದರ ಒಂದೇ ಒಂದು ಅಮೈನೊ ಆಮ್ಲದ್ದು. ಇದಕ್ಕೆ ಕೊಂಚ ಹಿನ್ನೆಲೆ ಬೇಕು. ಜಿ ಪ್ರೋಟೀನು ಎಚ್ಚೆತ್ತಾಗ ಜಿಟಿಪಿ ಎಂಬ ಅಣುವನ್ನು ಹಿಡಿದುಕೊಳ್ಳುತ್ತದೆ. ಹಿಡಿದಿರುವಷ್ಟು ಹೊತ್ತು ಸೈಕ್ಲಿಕ್ ಎಎಂಪಿ ಮಾಡಿಸುತ್ತದೆ. ಸ್ವಲ್ಪದರಲ್ಲೇ ಆ ಜಿಟಿಪಿಯನ್ನು ತಾನೇ ಕತ್ತರಿಸಿ ಸುಮ್ಮನಾಗುತ್ತದೆ. ಈ ಏರ್ಪಾಡನ್ನು ಮಾರ್ಟಿನ್ ರಾಡ್‌ಬೆಲ್ ಮತ್ತು ಆಲ್ಫ್ರೆಡ್ ಗಿಲ್ಮನ್ 1970ರ ದಶಕದಲ್ಲಿ ಬಯಲು ಮಾಡಿ 1994ರಲ್ಲಿ ನೊಬೆಲ್ ಪಡೆದರು. ಇವರಿಗಿಂತ ಮುಂಚೆ, 1959ರಲ್ಲಿ, ಕೋಲ್ಕತ್ತದಲ್ಲಿ ಶಂಭುನಾಥ ಡೇ ಕಾಲರಾ ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದೂ ರೋಗಾಣು ಇಲ್ಲದ ಆ ತಿಳಿಯನ್ನು ಮೊಲದ ಕರುಳಿನ ಕಟ್ಟಿದ ತುಂಡೊಳಗೆ ಬಿಟ್ಟಿದ್ದರು. ಕರುಳು ನೀರು ತುಂಬಿ ಉಬ್ಬಿತು. ಕಾಲರಾ ಒಂದು ವಿಷದ ಕೆಲಸ, ರೋಗಾಣು ದೇಹವನ್ನು ಹೊಕ್ಕು ಹಾಳುಮಾಡುವುದರಿಂದ ಆಗುವುದಲ್ಲ ಎಂದು ತೋರಿಸಿದ ಈ ಪ್ರಯೋಗ ಭಾರತದಲ್ಲಿ ನಡೆದ ಅತಿ ಮುಖ್ಯ ವೈದ್ಯಕೀಯ ಪ್ರಯೋಗಗಳಲ್ಲೊಂದು ಎಂದು ನಾನು ತಿಳಿದಿದ್ದೇನೆ; ಡೇ ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಬೇಕಿತ್ತು. ಆ ವಿಷ ಮಾಡುವುದು ಏನೆಂದರೆ, ಕರುಳಿನ ಕೋಶದ ಜಿ ಪ್ರೋಟೀನಿನ 201ನೆಯ ಸ್ಥಾನದಲ್ಲಿರುವ ಆರ್ಜಿನೀನ್ ಮೇಲೆ ಒಂದು ರಾಸಾಯನಿಕ ಗುಂಪನ್ನು ಅಂಟಿಸುತ್ತದೆ. ಅಷ್ಟಾದರೆ ಅದು ಜಿಟಿಪಿಯನ್ನು ಕತ್ತರಿಸಲಾರದು, ಸುಮ್ಮನಾಗಲಾರದು. ಸೈಕ್ಲಿಕ್ ಎಎಂಪಿ ಏರುತ್ತಲೇ ಹೋಗುತ್ತದೆ, ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಅದರ ಹಿಂದೆ ನೀರು. ತೀವ್ರ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗುತ್ತದೆ. ವಿಷದ ಒಂದು ತುಣುಕು ಕೋಶದೊಳಕ್ಕೆ ಹೋಗುವುದು ನಿಜ. ಆದರೆ ಅದು ಯಾವ ಹಾರ್ಮೋನಿನ ಸುದ್ದಿಯನ್ನೂ ಹೊತ್ತು ತಂದಿಲ್ಲ. ಕೋಶ ತನ್ನೊಳಗೆ ಇಟ್ಟುಕೊಂಡಿರುವ ನಿಲುಗಡೆಯನ್ನು ಮುರಿದಿದೆ, ಅಷ್ಟೇ.

ಈಗ ಅದೇ 201ನೆಯ ಆರ್ಜಿನೀನ್ ಬೇರೊಂದು ಕಡೆ ಸಿಗುತ್ತದೆ. ಡೊನೊವನ್ ಮೆಕ್ಯೂನ್ ಮತ್ತು ಬಾಸ್ಟನ್ನಿನ ಫುಲ್ಲರ್ ಆಲ್ಬ್ರೈಟ್ 1930ರ ದಶಕದಲ್ಲಿ ಬೇರೆ ಬೇರೆಯಾಗಿ ವರ್ಣಿಸಿದ ಕಾಯಿಲೆಯೊಂದಿದೆ. ಎರಡು ಮೂರು ವರ್ಷದ ಹೆಣ್ಣುಮಕ್ಕಳು ಮುಟ್ಟಾಗುತ್ತಾರೆ; ಮೈಮೇಲೆ ಕಾಫಿಬಣ್ಣದ ಅಂಕುಡೊಂಕು ಅಂಚಿನ ಮಚ್ಚೆಗಳು; ಮೂಳೆಗಳಲ್ಲಿ ನಾರುಗಟ್ಟಿದ ಭಾಗಗಳು. ಅಂಡಾಶಯವನ್ನು ಪ್ರಚೋದಿಸುವ ಪಿಟ್ಯುಟರಿ ಹಾರ್ಮೋನನ್ನು ರಕ್ತದಲ್ಲಿ ಹುಡುಕಿದರೆ ಅದು ಹೆಚ್ಚಿರುವುದಿಲ್ಲ, ಕಡಿಮೆಯೇ ಇರುತ್ತದೆ. ಭ್ರೂಣದ ಬೆಳವಣಿಗೆಯ ಆರಂಭದಲ್ಲೇ ಒಂದು ಕೋಶದಲ್ಲಿ 201ನೆಯ ಆರ್ಜಿನೀನ್ ಬದಲಾಗಿ ಬೇರೊಂದು ಅಮೈನೊ ಆಮ್ಲ ಬಂದಿರುತ್ತದೆ. ಆ ಕೋಶದ ಸಂತತಿ ಹರಡಿದ ಕಡೆಯೆಲ್ಲ ಜಿ ಪ್ರೋಟೀನು ಆರುವುದಿಲ್ಲ ಎಂದು 1991ರಲ್ಲಿ ತಿಳಿಯಿತು. ಕಾಲರಾ ವಿಷ ಕೆಡಿಸುವ ಜಾಗವನ್ನೇ ಇಲ್ಲಿ ಜೀನು ಕೆಡಿಸಿದೆ. ಕರೆಯೇ ಬಾರದೆ ಅಂಡಾಶಯದ ಕೋಶ ಓಗೊಡುತ್ತಿದೆ. ಇದರ ತದ್ವಿರುದ್ಧವನ್ನೂ ಆಲ್ಬ್ರೈಟ್ ಅವರೇ 1942ರಲ್ಲಿ ಗುರುತಿಸಿದರು. ಗುಂಡುಮುಖದ, ಕುಳ್ಳಗಿನ ರೋಗಿಗಳು. ಮುಷ್ಟಿ ಬಿಗಿದರೆ ಉಂಗುರದ ಬೆರಳಿನ ಗೆಣ್ಣು ಏಳುವ ಬದಲು ಅಲ್ಲಿ ಕುಳಿ ಬೀಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ. ಪ್ಯಾರಾಥೈರಾಯ್ಡ್ ಹಾರ್ಮೋನಿನ ಕೊರತೆಯಿರಬೇಕೆಂದು ಗ್ರಂಥಿಯ ಸಾರವನ್ನು ಚುಚ್ಚಿದರೆ ಮೂತ್ರಪಿಂಡ ಜಪ್ಪೆನ್ನಲಿಲ್ಲ. ಆಗ ಕೊರತೆ ಹಾರ್ಮೋನಿನದಲ್ಲ, ಅಂಗ ಸ್ಪಂದಿಸದಿರುವುದೇ ದೋಷ ಎಂದು ಆಲ್ಬ್ರೈಟ್ ಹೇಳಿದರು. 1980ರಲ್ಲಿ ಇಂಥ ಎಷ್ಟೋ ರೋಗಿಗಳಲ್ಲಿ ಜಿ ಪ್ರೋಟೀನಿನ ಚಟುವಟಿಕೆ ಸಹಜದ ಸುಮಾರು ಅರ್ಧದಷ್ಟೇ ಇರುವುದು ಕಂಡುಬಂತು. ಒಂದು ಪ್ರೋಟೀನು ಆರದಿದ್ದರೆ ಹಾರ್ಮೋನಿಲ್ಲದೆ ಕೆಲಸ. ಅದೇ ಪ್ರೋಟೀನು ಸಾಲದಿದ್ದರೆ ಹಾರ್ಮೋನಿದ್ದೂ ಕೆಲಸವಿಲ್ಲ. ಅಂಚೆಯ ಚಿತ್ರದಲ್ಲಿ ಈ ಎರಡು ಸ್ಥಿತಿಗಳಿಗೂ ಜಾಗವಿಲ್ಲ.

ಆಕ್ಷೇಪಗಳಲ್ಲಿ ಬಲವಾದದ್ದು ಸ್ಟೀರಾಯ್ಡ್ ಹಾರ್ಮೋನುಗಳದು. ಕಾರ್ಟಿಸಾಲ್, ಆಲ್ಡೊಸ್ಟಿರೋನ್ ಕೊಬ್ಬಿನಲ್ಲಿ ಕರಗುವ ಅಣುಗಳು. ಪೊರೆಯನ್ನು ದಾಟಿ ಒಳಗಿನ ಗ್ರಾಹಕವನ್ನು ಹಿಡಿದು, ಅದರೊಡನೆ ಜೀನುಗಳ ಮೇಲೇ ಹೋಗಿ ಕೂರುತ್ತವೆ. ಇಲ್ಲಿಯಾದರೂ ಕಾಗದ ಒಳಗೆ ಬಂತಲ್ಲವೇ? ಅಣು ಬಂತು, ಅರ್ಥ ಬರಲಿಲ್ಲ. ಉಪ್ಪನ್ನು ಉಳಿಸಿಕೊಳ್ಳಲು ಮೂತ್ರಪಿಂಡಕ್ಕೆ ಆಲ್ಡೊಸ್ಟಿರೋನ್ ಬೇಕು. ಆದರೆ ಅದರ ಗ್ರಾಹಕಕ್ಕೆ ಕಾರ್ಟಿಸಾಲ್ ಕೂಡ ಅಷ್ಟೇ ಬಿಗಿಯಾಗಿ ಅಂಟುತ್ತದೆ, ರಕ್ತದಲ್ಲಿ ಅದರ ಪ್ರಮಾಣವೋ ಎಷ್ಟೋ ಪಟ್ಟು ಹೆಚ್ಚು. ಗ್ರಾಹಕ ಇವೆರಡನ್ನು ಬೇರ್ಪಡಿಸಲಾರದು. ಬೇರ್ಪಡಿಸುವುದು ಮೂತ್ರಪಿಂಡದ ಕೋಶ. ಬರುವ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದನ್ನು ಅದು ಇಟ್ಟುಕೊಂಡಿದೆ. ನಮ್ಮಲ್ಲಿ ಕೆಮ್ಮಿಗೆ ಬಳಸುವ ಜೇಷ್ಠಮಧುವಿನಲ್ಲಿರುವ ಗ್ಲಿಸರೈಜಿನ್ ಈ ಕಿಣ್ವವನ್ನು ತಡೆಯುತ್ತದೆ. ಅತಿಯಾಗಿ ಬಹಳ ದಿನ ತಿಂದವರಲ್ಲಿ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರಲು ಇದೇ ಕಾರಣ. ಹೊರಗಿನ ಹಾರ್ಮೋನು ಯಾವುದೂ ಹೆಚ್ಚಿರುವುದಿಲ್ಲ. ಇನ್ಸುಲಿನ್ ಕೂಡ ಗ್ರಾಹಕದ ಸಮೇತ ಕೋಶದೊಳಕ್ಕೆ ಸೆಳೆಯಲ್ಪಡುತ್ತದೆ ಎಂಬುದನ್ನು ಕೆಲವರು ಎತ್ತುತ್ತಾರೆ. ಅಷ್ಟರಲ್ಲಿ ಗ್ರಾಹಕದ ಒಳತುದಿ ತನ್ನ ಕೆಲಸ ಶುರುಮಾಡಿರುತ್ತದೆ. ಒಳಹೋದ ಇನ್ಸುಲಿನ್‌ನ ಗತಿ ಬಹುಮಟ್ಟಿಗೆ ಚೂರುಚೂರಾಗಿ ಅಳಿಯುವುದು. ಅಲ್ಲದೆ ಇನ್ಸುಲಿನ್ ಗ್ರಾಹಕವನ್ನು ಹಿಡಿಯುವ ಪ್ರತಿಕಾಯಗಳು ಇನ್ಸುಲಿನ್‌ನಂತೆಯೇ ವರ್ತಿಸಬಲ್ಲವೆಂದು 1970ರ ದಶಕದಲ್ಲೇ ತಿಳಿದಿದೆ.

ಇನ್ನೊಂದು ಆಕ್ಷೇಪಕ್ಕೆ ನಾನು ಅರ್ಧ ಒಪ್ಪಬೇಕು. ಒಂದೇ ಗ್ರಾಹಕಕ್ಕೆ ಅಂಟುವ ಎರಡು ಅಣುಗಳು ಒಳಗೆ ಎರಡು ದಾರಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತೆರೆಯಬಹುದು. ಒಂದು ಜಿ ಪ್ರೋಟೀನಿನ ಕಡೆಗೆ, ಇನ್ನೊಂದು ಅರೆಸ್ಟಿನ್ ಎಂಬ ಪ್ರೋಟೀನಿನ ಕಡೆಗೆ ವಾಲಿಸಬಹುದು. ಹಾಗಿದ್ದರೆ ಅಣುವಿಗೂ ಹೇಳಲು ಏನೋ ಇದೆ. ಇದೆ, ಆದರೆ ಗ್ರಾಹಕಕ್ಕೆ ಸಾಧ್ಯವಿರುವ ಭಂಗಿಗಳಲ್ಲೇ ಅದು ಆರಿಸಬಲ್ಲದು. ಹಾಗೆಯೇ ಯಾವಾಗ, ಎಷ್ಟು, ಯಾವ ಲಯದಲ್ಲಿ ಎಂಬುದನ್ನು ಹೊರಗಿನದೇ ತಿಳಿಸುತ್ತದೆ ಎಂಬುದನ್ನೂ ಅಲ್ಲಗಳೆಯಲಾಗದು. ಅರ್ನ್ಸ್ಟ್ ನೊಬಿಲ್ 1978ರಲ್ಲಿ ಕೋತಿಗಳಲ್ಲಿ ತೋರಿಸಿದಂತೆ, ಮೆದುಳಿನಿಂದ ಪಿಟ್ಯುಟರಿಗೆ ಹೋಗುವ ಜಿಎನ್‌ಆರ್‌ಎಚ್ ಹಾರ್ಮೋನನ್ನು ಗಂಟೆಗೊಮ್ಮೆ ಕೊಟ್ಟರೆ ಗ್ರಂಥಿ ಕೆಲಸ ಮಾಡುತ್ತದೆ. ಒಂದೇ ಸಮನೆ ಸುರಿಸಿದರೆ ನಿಂತುಬಿಡುತ್ತದೆ. ಲಯ ಹೊರಗಿನದು. ಆದರೆ ಬಿಡದೆ ಬಂದ ಕರೆಗೆ ಕಿವಿ ಮುಚ್ಚಿಕೊಳ್ಳುವುದು ಕೋಶ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಗಂಡು ಹಾರ್ಮೋನನ್ನು ತಗ್ಗಿಸಲು ಅದನ್ನು ಪ್ರಚೋದಿಸುವಂಥ ಅಣುವನ್ನೇ ಎಡೆಬಿಡದೆ ಕೊಡುವ ಚಿಕಿತ್ಸೆ ನಿಂತಿರುವುದು ಈ ನಡವಳಿಕೆಯ ಮೇಲೆ. ಉಬ್ಬಸಕ್ಕೆ ಸಾಲ್ಬುಟಮಾಲ್ ಇನ್‌ಹೇಲರ್ ಒಂದನ್ನೇ ಪದೇ ಪದೇ ಬಳಸುವವರಲ್ಲಿ ಅದರ ಗುಣ ಕುಗ್ಗುವುದೂ, ಬೀಟಾ ಗ್ರಾಹಕವನ್ನು ಕೋಶ ಮೊದಲು ಮೊಂಡಾಗಿಸಿ ಆಮೇಲೆ ಪೊರೆಯಿಂದಲೇ ಒಳಕ್ಕೆ ಎಳೆದುಕೊಳ್ಳುವುದರಿಂದ.

ಈ ವಾದದಿಂದ ನಮಗೇನು ಎಂದು ಕೇಳಬಹುದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹವಿರುವವರು 10 ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಮಂದಿಗೆ ಇರುವುದು ಟೈಪ್ 2 ಮಧುಮೇಹ. ಅದರ ಆರಂಭದ ವರ್ಷಗಳಲ್ಲಿ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರುವುದಿಲ್ಲ, ಎಷ್ಟೋ ವೇಳೆ ಹೆಚ್ಚೇ ಇರುತ್ತದೆ. ಗ್ರಾಹಕವೂ ಸಾಮಾನ್ಯವಾಗಿ ಇರುತ್ತದೆ, ಇನ್ಸುಲಿನ್ ಅದಕ್ಕೆ ಅಂಟುತ್ತದೆ ಕೂಡ. ಮಂಕಾಗಿರುವುದು ಅದರ ಆಚೆಗಿನ ಪ್ರೋಟೀನುಗಳ ಸರಪಳಿ. ಇದನ್ನು ಬರೀ ಇನ್ಸುಲಿನ್ ಕೊರತೆಯೆಂದು ತಿಳಿದರೆ ಚುಚ್ಚುಮದ್ದಿನ ಪ್ರಮಾಣ ಏರಿಸುವುದೊಂದೇ ದಾರಿಯಾಗಿ ಕಾಣುತ್ತದೆ, ಮತ್ತು ಕಾಯಿಲೆ ಹಳೆಯದಾಗಿ ಮೇದೋಜೀರಕ ಸೋತವರಿಗೆ ಅದು ಅನಿವಾರ್ಯವೂ ಹೌದು. ಕೋಶದ ಒಳಗಣ್ಣಿನಿಂದ ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ: ಇನ್ಸುಲಿನ್ ಕೊನೆಗೆ ಸ್ನಾಯುವಿನಲ್ಲಿ ಮಾಡಿಸುವುದಾದರೂ ಏನು? ಒಳಗೆ ಪುಟ್ಟ ಕೋಶಿಕೆಗಳಲ್ಲಿ ಇಟ್ಟಿರುವ ಗ್ಲುಟ್-4 ಎಂಬ ಗ್ಲೂಕೋಸ್ ಸಾಗಿಸುವ ಪ್ರೋಟೀನನ್ನು ಪೊರೆಗೆ ತರಿಸುವುದು. ಅದನ್ನು ತರಿಸಲು ಸ್ನಾಯುವಿಗೆ ಇನ್ನೊಂದು ದಾರಿಯೂ ಇದೆ. ಬಿರುಸಾಗಿ ನಡೆಯುವಾಗ, ಮೆಟ್ಟಿಲು ಹತ್ತುವಾಗ ಸಂಕೋಚಿಸುವ ತೊಡೆಯ ಸ್ನಾಯು ಇನ್ಸುಲಿನ್ ಗ್ರಾಹಕವನ್ನು ಕೇಳದೆ ಅದೇ ಗ್ಲುಟ್-4ನ್ನು ಪೊರೆಗೆ ತಂದುಕೊಳ್ಳುತ್ತದೆ, ರಕ್ತದ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತದೆ. ಇನ್ಸುಲಿನ್‌ಗೆ ಓಗೊಡದ ಟೈಪ್ 2 ಮಧುಮೇಹಿಗಳ ಸ್ನಾಯುವಿನಲ್ಲೂ ಈ ಎರಡನೆಯ ದಾರಿ ಬಹುಮಟ್ಟಿಗೆ ಕೆಡದೆ ಉಳಿದಿರುತ್ತದೆ.